‘ಸಾರಿ’ ಅಂದಮೇಲೆ ಲೆಕ್ಕ ಚುಕ್ತಾ ಆಯ್ತಾ?



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

ನಮ್ಮ ಹಕ್ಕೊತ್ತಾಯ ಪತ್ರಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತೆ: ‘ಸಂಬಂಧಪಟ್ಟವರು ಬೇಷರತ್ ಕ್ಷಮೆ ಯಾಚಿಸಬೇಕು.’ ಡಿಸಿ ಆಫೀಸ್ ಮುಂದೆ ಬಿಸಿಲಲ್ಲಿ ಕೂತು, ಘೋಷಣೆ ಕೂಗಿ, ಮನವಿ ಕೊಟ್ಟು ಬರ್ತೀವಿ. ಎರಡು ದಿನ ಬಿಟ್ಟು ಆ ಕಡೆಯಿಂದ ಒಂದು ಹೇಳಿಕೆ ಬರುತ್ತೆ: ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಪೇಪರಿನವರು ‘ಕ್ಷಮೆ ಕೇಳಿದರು’ ಅಂತ ಹೆಡ್ಡಿಂಗ್ ಹಾಕ್ತಾರೆ. ನಮ್ಮವರಲ್ಲೇ ಅರ್ಧ ಜನ ‘ಗೆದ್ವಿ’ ಅಂತ ಸ್ಟೇಟಸ್ ಹಾಕ್ತಾರೆ. ಗೆದ್ದದ್ದು ಏನನ್ನ ಅಂತ ಮಾತ್ರ ಯಾರೂ ಕೇಳಲ್ಲ.

ಈ ಎರಡು ವಾಕ್ಯಗಳೂ ಕನ್ನಡದಲ್ಲಿವೆ, ಆದರೆ ಇವುಗಳ ಅಚ್ಚು ಇಂಗ್ಲಿಷಿನದು. ಕೋರ್ಟಿನ ‘ಅನ್‌ಕಂಡಿಷನಲ್ ಅಪಾಲಜಿ’ ನಮ್ಮಲ್ಲಿ ‘ಬೇಷರತ್ ಕ್ಷಮೆ’ ಆಯ್ತು. ‘ರಿಗ್ರೆಟ್’ ಹೋಗಿ ‘ವಿಷಾದ’ ಆಯ್ತು. ರೈಲು ಮೂರು ಗಂಟೆ ಲೇಟಾದಾಗ ಸ್ಟೇಷನ್ನಿನ ಮೈಕು ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಅನ್ನುತ್ತಲ್ಲ, ಅದೇ ವಿಷಾದ ಇದು. ಆ ಮೈಕಿಗೆ ಎಷ್ಟು ದುಃಖ ಇರುತ್ತೋ ಈ ಹೇಳಿಕೆಗಳಲ್ಲೂ ಅಷ್ಟೇ ಇರುತ್ತೆ.

ಹಾಗಾಗಿ ಸಾರಿ, ಅಪಾಲಜಿ, ಪಾರ್ಡನ್, ರಿಗ್ರೆಟ್, ಫರ್ಗಿವ್ ಅನ್ನೋ ಈ ದಿನಬಳಕೆಯ ಪದಗಳು ಎಲ್ಲಿಂದ ಬಂದವು, ಅಧಿಕಾರದಲ್ಲಿ ಇರೋರು ಅವನ್ನ ಹೇಗೆ ಬಳಸಿದರು ಅಂತ ನಾವು ತಿಳ್ಕೊಬೇಕು. ಇದು ಇಂಗ್ಲಿಷ್ ಪಾಠ ಅಲ್ಲ. ಮುಂದಿನ ಮನವಿ ಪತ್ರ ಬರೆಯೋ ಮುಂಚೆ ನಮಗೆ ಬೇಕಾದ ಚರಿತ್ರೆ.

ಸಾರಿ: ಇದರ ಬೇರು ನೋವು

‘ಸಾರಿ’ ಹಳೇ ಇಂಗ್ಲಿಷಿನ ‘ಸಾರಿಗ್’ ಅನ್ನೋ ಪದದಿಂದ ಬಂದದ್ದು. ಅದರ ಮೂಲ ‘ಸಾರ್’, ಅಂದರೆ ಗಾಯ, ನೋವು. ಈಗಿನ ಇಂಗ್ಲಿಷಿನಲ್ಲಿ ಹುಣ್ಣಿಗೆ, ನೋಯೋ ಮೈಗೆ ‘ಸೋರ್’ ಅಂತಾರಲ್ಲ, ಅದೇ ಮನೆತನ. ದುಃಖ ಅನ್ನೋ ಅರ್ಥದ ‘ಸಾರೋ’ ಇದರ ಅಣ್ಣನೋ ತಮ್ಮನೋ ಅಂತ ಕಾಣುತ್ತೆ, ಆದರೆ ಅದರ ಬೇರು ಬೇರೆ.

ಅಂದರೆ ‘ಐ ಆಮ್ ಸಾರಿ’ ಅನ್ನೋದರ ಮೊದಲ ಅರ್ಥ ‘ನಾನು ತಪ್ಪು ಮಾಡಿದೆ’ ಅಂತಲ್ಲ, ‘ನನಗೂ ನೋವಾಗಿದೆ’ ಅಂತ. ಇವತ್ತಿಗೂ ಆ ಪದಕ್ಕೆ ಎರಡು ಮುಖ ಇದೆ. ಸಾವಿನ ಮನೆಗೆ ಹೋಗಿ ಸಾರಿ ಅಂದರೆ ಕೊಂದವನು ನಾನು ಅಂತ ಅರ್ಥ ಅಲ್ಲ. ಕಾಲು ತುಳಿದು ಸಾರಿ ಅಂದರೆ ತುಳಿದದ್ದು ನಾನೇ ಅಂತ ಅರ್ಥ. ಯಾವ ಮುಖ ತೋರಿಸ್ತಾ ಇದ್ದೀನಿ ಅಂತ ಹೇಳೋನು ಬಾಯಿ ಬಿಡಬೇಕಾಗಿಲ್ಲ. ಅಧಿಕಾರಕ್ಕೆ ಅದೇ ಅನುಕೂಲ.

ಒಂದು ಉದಾಹರಣೆ ನೋಡಿ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಹತ್ತಿರ ಅಮೆರಿಕದ ಬೇಹುಗಾರಿಕೆ ವಿಮಾನವೂ ಚೀನಾದ ಯುದ್ಧವಿಮಾನವೂ ಡಿಕ್ಕಿ ಹೊಡೆದವು. ಚೀನಾದ ಪೈಲಟ್ ಸತ್ತ. ಅಮೆರಿಕದ 24 ಜನ ಸಿಬ್ಬಂದಿ ಚೀನಾದ ಕೈಗೆ ಸಿಕ್ಕರು. ಚೀನಾ ಅಪಾಲಜಿ ಕೇಳಿತು, ಅಮೆರಿಕ ಒಪ್ಪಲಿಲ್ಲ. ಹತ್ತು ದಿನ ಎಳೆದಾಡಿ ಕೊನೆಗೆ ಒಂದು ಪತ್ರ ಬಂತು. ಅದರಲ್ಲಿ ‘ವೆರಿ ಸಾರಿ’ ಅಂತ ಎರಡು ಕಡೆ ಇತ್ತು. ಚೀನಾ ಅದನ್ನ ತನ್ನ ಜನಕ್ಕೆ ಕ್ಷಮಾಪಣೆ ಅಂತ ಅನುವಾದ ಮಾಡಿ ತೋರಿಸಿತು. ಅಮೆರಿಕ ತನ್ನ ಜನಕ್ಕೆ ‘ನಾವು ದುಃಖ ಹೇಳಿಕೊಂಡಿದ್ದೀವಿ ಅಷ್ಟೆ, ಕ್ಷಮೆ ಕೇಳಿಲ್ಲ’ ಅಂತು. ಒಂದೇ ಕಾಗದ, ಎರಡು ದೇಶ, ಎರಡು ಅರ್ಥ. ಇಬ್ಬರ ಮರ್ಯಾದೆಯೂ ಉಳೀತು.

ಅದೇ ಪದವನ್ನ ಅದರ ನಿಜವಾದ ತೂಕದಲ್ಲಿ ಇಟ್ಟುಕೊಂಡವರೂ ಇದ್ದಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಮಾತಾಡೋ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಅಂತ ಒಂದು ಮಾತಿದೆ. ಅದರ ಅರ್ಥ ಸಾವಿನ ಶೋಕ, ಆ ಶೋಕದ ವಿಧಿಗಳು. ಕೆಲಸ ಕಾರ್ಯ ಬಿಟ್ಟು, ದೂರದಿಂದ ನೆಂಟರಿಷ್ಟರು ಬಂದು, ದಿನಗಟ್ಟಲೆ ಜೊತೆಗೆ ಕೂರೋದು. ಅವರಿಗೆ ಸಾರಿ ಅಂದರೆ ಬಾಯಿಮಾತಲ್ಲ, ಮಾಡೋ ಕೆಲಸ.

ಅಪಾಲಜಿ: ಮೊದಲು ಇದು ಸಮರ್ಥನೆ

‘ಅಪಾಲಜಿ’ ಕೋರ್ಟಿನಿಂದ ಬಂದ ಪದ. ಗ್ರೀಕಿನ ‘ಅಪೊಲೊಗಿಯ’ ಅಂದರೆ ಆರೋಪಿಯು ತನ್ನ ಪರ ಮಾಡೋ ವಾದ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲಿ ಸಾಕ್ರಟೀಸ್ ಮಾಡಿದ ವಾದವನ್ನ ಪ್ಲೇಟೋ ಬರೆದಿಟ್ಟ, ಅದರ ಹೆಸರೇ ‘ಅಪಾಲಜಿ’. ಅದರಲ್ಲಿ ಸಾಕ್ರಟೀಸ್ ಕ್ಷಮೆ ಕೇಳಲ್ಲ, ತಾನು ಮಾಡಿದ್ದು ಸರಿ ಅಂತಾನೆ. ಇಂಗ್ಲಿಷಿನಲ್ಲೂ ಮೊದಲಿಗೆ ಅದೇ ಅರ್ಥ ಇತ್ತು. ಥಾಮಸ್ ಮೋರ್ 1533ರಲ್ಲಿ ‘ಅಪಾಲಜಿ’ ಅಂತ ಪುಸ್ತಕ ಬರೆದದ್ದು ತನ್ನ ಸಮರ್ಥನೆಗೆ. ತಪ್ಪೊಪ್ಪಿಗೆ ಅನ್ನೋ ಅರ್ಥ ಕೂಡಿಕೊಂಡದ್ದು ಆಮೇಲೆ, 16ನೇ ಶತಮಾನದ ಕೊನೆಯ ಹೊತ್ತಿಗೆ.

ಹಳೇ ಅರ್ಥ ಪೂರ್ತಿ ಸತ್ತಿಲ್ಲ ಅಂತ ನನ್ನ ಅನುಮಾನ. ಇವತ್ತಿನ ಎಷ್ಟು ಕ್ಷಮಾಪಣೆಗಳನ್ನ ಓದಿದರೂ ಮೊದಲ ಸಾಲಲ್ಲಿ ಕ್ಷಮೆ, ಉಳಿದ ಹತ್ತು ಸಾಲಲ್ಲಿ ವಾದ: ‘ನನ್ನ ಉದ್ದೇಶ ಅದಾಗಿರಲಿಲ್ಲ’, ‘ಮಾತನ್ನ ತಿರುಚಲಾಗಿದೆ’, ‘ನನಗೂ ಆ ಸಮುದಾಯದ ಗೆಳೆಯರಿದ್ದಾರೆ’.

ಪಾರ್ಡನ್: ಸಿಂಹಾಸನದಿಂದ ಕೆಳಕ್ಕೆ

‘ಎಕ್ಸ್‌ಕ್ಯೂಸ್’ ಲ್ಯಾಟಿನ್ನಿನದು, ಆರೋಪದಿಂದ ಹೊರಗೆ ಬಿಡು ಅಂತ. ‘ಪಾರ್ಡನ್’ ಫ್ರೆಂಚಿನದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನ ಗೆದ್ದ ಮೇಲೆ ಆಳೋರ ಭಾಷೆ ಫ್ರೆಂಚ್ ಆಯ್ತು, ಉಳೋರ ಭಾಷೆ ಇಂಗ್ಲಿಷ್ ಆಗಿ ಉಳೀತು. ಪಾರ್ಡನ್ ಅರಮನೆಯ, ಚರ್ಚಿನ, ನ್ಯಾಯಾಲಯದ ಪದವಾಯ್ತು. ಅಪರಾಧಿಗೆ ರಾಜ ಕೊಡೋ ಮಾಫಿಗೆ ಇವತ್ತಿಗೂ ಅದೇ ಹೆಸರು. ಯಾರೋ ಹೇಳಿದ್ದು ಕಿವಿಗೆ ಬೀಳದಿದ್ದರೆ ‘ಐ ಬೆಗ್ ಯುವರ್ ಪಾರ್ಡನ್’ ಅಂತಾರಲ್ಲ, ಆ ‘ಬೆಗ್’ ಅಂದರೆ ಬೇಡೋದು. ಕೈಯೊಡ್ಡಿ ನಿಂತವನ ಭಂಗಿ ಆ ಮಾತಿನೊಳಗೇ ಇದೆ.

ತಮಾಷೆ ಅಂದರೆ, ಕಾಲ ಕಳೆದಂತೆ ಅದೇ ಪದ ತಲೆಕೆಳಗಾಯ್ತು. 1954ರಲ್ಲಿ ಆಲನ್ ರಾಸ್ ಅನ್ನೋ ಭಾಷಾವಿಜ್ಞಾನಿ ಇಂಗ್ಲೆಂಡಿನ ಮೇಲ್ವರ್ಗದವರ ಮಾತಿಗೂ ಉಳಿದವರ ಮಾತಿಗೂ ಇರೋ ವ್ಯತ್ಯಾಸ ಪಟ್ಟಿ ಮಾಡಿದ. ನ್ಯಾನ್ಸಿ ಮಿಟ್‌ಫರ್ಡ್ ಅನ್ನೋ ಲೇಖಕಿ ಅದನ್ನ ಮನೆಮಾತು ಮಾಡಿದಳು. ಆ ಲೆಕ್ಕದಲ್ಲಿ ಮಾತು ಕೇಳಿಸದಿದ್ದಾಗ ‘ಪಾರ್ಡನ್’ ಅನ್ನೋನು ಮೇಲ್ವರ್ಗದವನಲ್ಲ. ಹುಟ್ಟಾ ಶ್ರೀಮಂತರು ಸುಮ್ನೆ ‘ವಾಟ್?’ ಅಂತಾರೆ! ಬೇಡೋ ಭಾಷೆ ಕೆಳಗಿನವರಿಗೆ, ಕೇಳೋ ಭಾಷೆ ಮೇಲಿನವರಿಗೆ. ಬಾಯಿ ಬಿಟ್ಟ ಕೂಡಲೇ ಯಾರು ಎಲ್ಲಿಯವರು ಅಂತ ಅಳೆಯೋ ಚಾಳಿ ನಮ್ಮೂರಲ್ಲಿ ಮಾತ್ರ ಇರೋದಲ್ಲ ಅಂತ ಆಯ್ತು.

ಪಾರ್ಡನ್ನಿಗೂ ಅಪಾಲಜಿಗೂ ಇರೋ ದೂರ ತಿಳೀಬೇಕಾದರೆ ಗಣಿತಜ್ಞ ಆಲನ್ ಟ್ಯೂರಿಂಗ್ ಕಥೆ ನೋಡಿ. ಸಲಿಂಗಕಾಮಿ ಅನ್ನೋ ಕಾರಣಕ್ಕೆ 1952ರಲ್ಲಿ ಅವನಿಗೆ ಶಿಕ್ಷೆಯಾಯ್ತು. 1954ರಲ್ಲಿ ತೀರಿಕೊಂಡ. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಅಪಾಲಜಿ ಹೇಳಿದರು. 2013ರಲ್ಲಿ ರಾಣಿಯಿಂದ ಪಾರ್ಡನ್ ಬಂತು. 2017ರ ಕಾನೂನು ಅಂಥ ಶಿಕ್ಷೆಗೆ ಗುರಿಯಾಗಿದ್ದ ಸಾವಿರಾರು ಜನರಿಗೆ ಪಾರ್ಡನ್ ವಿಸ್ತರಿಸಿತು. ಆಗ ಬದುಕಿದ್ದ ಕೆಲವರು ‘ನಮಗೆ ಪಾರ್ಡನ್ ಬೇಡ, ಅಪಾಲಜಿ ಬೇಕು’ ಅಂದರು. ಪಾರ್ಡನ್ ತಗೊಂಡರೆ ತಪ್ಪು ನಮ್ಮದು, ದೊಡ್ಡಮನಸ್ಸು ನಿಮ್ಮದು ಅಂತ ಒಪ್ಪಿದ ಹಾಗೆ ಅನ್ನೋದು ಅವರ ವಾದ. ನೂರಕ್ಕೆ ನೂರು ನ್ಯಾಯ. ಹಿಂಸೆ ಕೊಟ್ಟವನೇ ‘ಹೋಗ್ಲಿ, ಕ್ಷಮಿಸಿದ್ದೀನಿ’ ಅಂದರೆ ಹೇಗೆ ತಗೊಳ್ಳೋದು?

ರಿಗ್ರೆಟ್: ತಪ್ಪಿಸಿಕೊಳ್ಳೋ ಬಾಗಿಲು

‘ರಿಗ್ರೆಟ್’ ಹಳೇ ಫ್ರೆಂಚಿನಲ್ಲಿ ಸತ್ತವರಿಗಾಗಿ ಗೋಳಾಡೋದು. ಅಷ್ಟು ಭಾರದ ಪದ ಇವತ್ತು ಆಫೀಸು ಪತ್ರದಲ್ಲಿ ‘ತಿಳಿಸಲು ವಿಷಾದಿಸುತ್ತೇವೆ’ ಅನ್ನೋ ಮಟ್ಟಕ್ಕೆ ಇಳಿದಿದೆ. ಅಪಾಲಜಿಯಲ್ಲಿ ‘ನಾನು ಮಾಡಿದೆ’ ಇರಬೇಕು, ರಿಗ್ರೆಟ್ಟಿನಲ್ಲಿ ‘ಹಾಗಾಯ್ತಲ್ಲ’ ಅಂದರೆ ಸಾಕು.

ಈ ಎರಡರ ನಡುವಿನ ಜಗಳ ಆಸ್ಟ್ರೇಲಿಯಾದಲ್ಲಿ ಹತ್ತು ವರ್ಷ ನಡೀತು. ಅಲ್ಲಿಯ ಸರ್ಕಾರಗಳು ಮತ್ತು ಚರ್ಚುಗಳು ದಶಕಗಟ್ಟಲೆ ಮೂಲನಿವಾಸಿಗಳ ಮಕ್ಕಳನ್ನ ತಾಯಂದಿರ ಮಡಿಲಿಂದ ಕಿತ್ತು ಬಿಳಿಯರ ಮನೆಗೆ, ಸಂಸ್ಥೆಗಳಿಗೆ ಹಾಕಿದವು. 1997ರ ಮೇ 26ರಂದು ‘ಬ್ರಿಂಗಿಂಗ್ ದೆಮ್ ಹೋಮ್’ ಅನ್ನೋ ವರದಿ ಸಂಸತ್ತಿಗೆ ಬಂತು. 1910ರಿಂದ 1970ರವರೆಗೆ ಮೂಲನಿವಾಸಿಗಳ ಹತ್ತು ಮಕ್ಕಳಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗುವಿನವರೆಗೆ ಹೀಗೆ ಕಿತ್ತುಕೊಳ್ಳಲಾಗಿತ್ತು ಅಂತ ಅದು ಅಂದಾಜು ಮಾಡಿತು. ಸಂಸತ್ತುಗಳು ಕ್ಷಮೆ ಕೇಳಬೇಕು, ಪರಿಹಾರ ಕೊಡಬೇಕು ಅಂತಲೂ ಹೇಳಿತು.

ಪ್ರಧಾನಿ ಜಾನ್ ಹೋವರ್ಡ್ ‘ಸಾರಿ’ ಅನ್ನಲು ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಈಗಿನವರು ಯಾಕೆ ತಪ್ಪಿತಸ್ಥರಾಗಬೇಕು ಅನ್ನೋದು ಅವರ ಪ್ರಶ್ನೆ. ಈ ಪ್ರಶ್ನೆ ನಮಗೆ ಹೊಸದಲ್ಲ, ಮೀಸಲಾತಿ ಚರ್ಚೆಯಲ್ಲಿ ವಾರಕ್ಕೊಂದು ಸಲ ಕೇಳ್ತೀವಿ. ಅದೇ 1997ರಲ್ಲಿ ಮೆಲ್ಬೋರ್ನಿನ ಸಮಾವೇಶವೊಂದರಲ್ಲಿ ಹೋವರ್ಡ್ ಭಾಷಣ ಮಾಡ್ತಿದ್ದಾಗ ಸಭಿಕರಲ್ಲಿ ಹಲವರು ಎದ್ದು ಬೆನ್ನು ತಿರುಗಿಸಿ ನಿಂತರು. 1998ರ ಮೇ 26ರಿಂದ ಜನರೇ ‘ಸಾರಿ ಡೇ’ ಆಚರಿಸಲು ಶುರು ಮಾಡಿದರು. ಊರೂರಲ್ಲಿ ‘ಸಾರಿ ಬುಕ್’ ಇಟ್ಟು ಸಾಮಾನ್ಯ ಜನ ಸಹಿ ಹಾಕಿದರು. 1999ರ ಆಗಸ್ಟಿನಲ್ಲಿ ಹೋವರ್ಡ್ ಸಂಸತ್ತಿನಲ್ಲಿ ನಿರ್ಣಯ ತಂದರು. ಅದರಲ್ಲಿ ಆಳವಾದ ‘ರಿಗ್ರೆಟ್’ ಇತ್ತು, ಅಪಾಲಜಿ ಇರಲಿಲ್ಲ. 2000ದ ಮೇ 28ರಂದು ಸಿಡ್ನಿಯ ಹಾರ್ಬರ್ ಸೇತುವೆ ಮೇಲೆ ಸುಮಾರು ಎರಡೂವರೆ ಲಕ್ಷ ಜನ ನಡೆದರು. ಒಂದು ವಿಮಾನ ಆಕಾಶದಲ್ಲಿ ಹೊಗೆಯಿಂದ ‘ಸಾರಿ’ ಅಂತ ಬರೀತು. ಕೊನೆಗೆ ಸರ್ಕಾರ ಬದಲಾಗಿ, 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ‘ಸಾರಿ’ ಅಂದರು.

ಅವತ್ತು ಮುದುಕಿಯರು ಅತ್ತರು. ಆ ಕಣ್ಣೀರು ಸುಳ್ಳಲ್ಲ, ಆ ಮಾತಿಗೂ ಬೆಲೆ ಇದೆ. ಆದರೆ ಪರಿಹಾರ ಇಲ್ಲ ಅಂತ ರಡ್ ಸರ್ಕಾರ ಮೊದಲೇ ಹೇಳಿಬಿಟ್ಟಿತ್ತು. ಕೆಲವು ರಾಜ್ಯಗಳು ತಮ್ಮದೇ ಯೋಜನೆ ಮಾಡಿದವು. ಕೇಂದ್ರ ಸರ್ಕಾರ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಕಿತ್ತುಕೊಂಡ ಮಕ್ಕಳಿಗೆ 75,000 ಡಾಲರ್ ಘೋಷಿಸಿದ್ದು 2021ರಲ್ಲಿ. ಮಾತಿಗೆ ಹತ್ತು ವರ್ಷ, ಮಾತಿನ ಮೇಲೆ ದುಡ್ಡಿಗೆ ಇನ್ನೂ ಹದಿಮೂರು ವರ್ಷ. ಅಷ್ಟರಲ್ಲಿ ಎಷ್ಟು ಜನ ಮಣ್ಣಾದರೋ.

ಇದೇ ರಿಗ್ರೆಟ್ ನಮ್ಮ ದೇಶಕ್ಕೂ ಬಂದಿದೆ. ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ನಡೆದದ್ದು 1919ರ ಏಪ್ರಿಲ್ 13ರಂದು. ಬ್ರಿಟಿಷರ ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. 2013ರಲ್ಲಿ ಅಲ್ಲಿಗೆ ಬಂದ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂದರ್ಶಕರ ಪುಸ್ತಕದಲ್ಲಿ ಇದು ನಾಚಿಕೆಗೇಡಿನ ಘಟನೆ ಅಂತ ಬರೆದರು. ನೂರು ವರ್ಷ ತುಂಬೋ ಮೂರು ದಿನ ಮುಂಚೆ, 2019ರ ಏಪ್ರಿಲ್ 10ರಂದು, ಪ್ರಧಾನಿ ತೆರೆಸಾ ಮೇ ತಮ್ಮ ಸಂಸತ್ತಿನಲ್ಲಿ ‘ರಿಗ್ರೆಟ್’ ಅಂದರು. ಅಪಾಲಜಿ ಅನ್ನೋ ಪದ ಇಬ್ಬರ ಬಾಯಲ್ಲೂ ಬರಲಿಲ್ಲ. ನಮ್ಮ ದೇಶದ ದೊಡ್ಡವರೆಲ್ಲ ಸಿಟ್ಟಾದರು. ‘ವಿಷಾದ ಸಾಲದು, ಕ್ಷಮೆ ಬೇಕು’ ಅಂದರು. ಸರಿಯಾಗೇ ಅಂದರು. ನನ್ನ ಪ್ರಶ್ನೆ ಇಷ್ಟೇ: ನಾವು ಇದೇ ಮಾತನ್ನ ಇವರಿಗೆ ಹೇಳಿದಾಗ ‘ಹಳೇದನ್ನ ಯಾಕ್ರೀ ಕೆದಕ್ತೀರಿ’ ಅನ್ನೋದು ಯಾಕೆ?

ಎಲ್ಲಿ ನಿಂತು ಹೇಳ್ತಾರೆ ಅನ್ನೋದೂ ಮುಖ್ಯ. 1914ರಲ್ಲಿ ‘ಕೊಮಾಗಾಟಾ ಮಾರು’ ಅನ್ನೋ ಹಡಗಿನಲ್ಲಿ ಬಂದ 376 ಜನರಲ್ಲಿ ಬಹುತೇಕರನ್ನ ಕೆನಡಾ ಒಳಗೆ ಬಿಡದೆ ವಾಪಸ್ ಅಟ್ಟಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. 2008ರ ಆಗಸ್ಟಿನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ರೆ ಅನ್ನೋ ಊರಿನ ಪಾರ್ಕಿನಲ್ಲಿ ನಡೀತಿದ್ದ ಮೇಳದಲ್ಲಿ ಕ್ಷಮೆ ಕೇಳಿದರು. ಅಲ್ಲಿದ್ದ ಸಮುದಾಯದ ಮುಖಂಡರು ‘ಇದು ನಡೆಯಲ್ಲ, ಸಂಸತ್ತಿನಲ್ಲಿ ಹೇಳಿ’ ಅಂತ ಸ್ಥಳದಲ್ಲೇ ತಿರಸ್ಕರಿಸಿದರು. ಎಂಟು ವರ್ಷ ಪಟ್ಟು ಬಿಡಲಿಲ್ಲ. 2016ರ ಮೇ 18ರಂದು ಜಸ್ಟಿನ್ ಟ್ರುಡೋ ಸಂಸತ್ತಿನಲ್ಲೇ ಹೇಳಬೇಕಾಯ್ತು. ಹೊರಗೆ ಹಾಕಿದ್ದು ಸರ್ಕಾರ, ದಾಖಲೆಯಲ್ಲಿ ಉಳಿಯೋದು ಸಂಸತ್ತಿನ ಮಾತು. ಕೊಟ್ಟಿದ್ದನ್ನ ಕಣ್ಣಿಗೊತ್ತಿಕೊಳ್ಳದೆ ವಾಪಸ್ ಕೊಟ್ಟರಲ್ಲ, ಅದು ನಾವು ಕಲೀಬೇಕಾದ ಪಾಠ.

ಬಾಯಿಗೆ ಕಾಸಿಲ್ಲ, ಕಾಗದಕ್ಕೆ ಕಾಸಿದೆ

ಇಂಗ್ಲಿಷ್ ದೇಶಗಳಲ್ಲಿ ಜನ ಕ್ಷಮೆ ಕೇಳೋಕೆ ಹೆದರೋದಕ್ಕೆ ಒಂದು ದೊಡ್ಡ ಕಾರಣ ಕೋರ್ಟು. ಸಾರಿ ಅಂದರೆ ನಾಳೆ ಅದೇ ಸಾಕ್ಷಿಯಾಗಿ ಪರಿಹಾರ ಕಟ್ಟಬೇಕಾಗುತ್ತೆ ಅನ್ನೋ ಭಯ. ಅದಕ್ಕೇ ಕಾನೂನೇ ಬದಲಾಯ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ, ಅಪಘಾತದ ಹೊತ್ತಲ್ಲಿ ಹೇಳಿದ ಸಹಾನುಭೂತಿಯ ಮಾತನ್ನ ತಪ್ಪೊಪ್ಪಿಗೆ ಅಂತ ಎಣಿಸಬಾರದು ಅಂತ ಕಾನೂನು ಮಾಡಿತು. ಬ್ರಿಟನ್ನಿನ 2006ರ ಕಾಂಪೆನ್ಸೇಷನ್ ಆ್ಯಕ್ಟ್, ಅಪಾಲಜಿ ಹೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡಂತಲ್ಲ ಅಂತ ಹೇಳಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೂ ಅದೇ ವರ್ಷ ಅಪಾಲಜಿ ಆ್ಯಕ್ಟ್ ತಂತು. ಡಾಕ್ಟರು, ರೋಗಿ ನಡುವೆ ಇದರಿಂದ ಒಳ್ಳೇದೂ ಆಗಿರಬಹುದು. ಆದರೆ ಒಂದು ವಿಷಯ ಸ್ಪಷ್ಟ ಆಯ್ತು: ಮಾತಿಗೂ ಹೊಣೆಗೂ ಇದ್ದ ಗಂಟನ್ನ ಕಾನೂನೇ ಬಿಚ್ಚಿತು.

ಸರ್ಕಾರಗಳು ಇದೇ ದಾರಿ ಹಿಡಿದವು. ಅಮೆರಿಕದ ಸೆನೆಟ್ 2009ರ ಜೂನ್ 18ರಂದು ಗುಲಾಮಗಿರಿಗೆ ಅಪಾಲಜಿ ಹೇಳೋ ನಿರ್ಣಯ ಪಾಸು ಮಾಡಿತು. ಅದರ ಕೊನೆಯಲ್ಲೇ ಒಂದು ಷರಾ: ಈ ನಿರ್ಣಯದ ಆಧಾರದ ಮೇಲೆ ಅಮೆರಿಕದ ವಿರುದ್ಧ ಯಾರೂ ಪರಿಹಾರದ ಹಕ್ಕು ಕೇಳುವಂತಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯ ಮೂಲನಿವಾಸಿಗಳಿಗೂ ಅಪಾಲಜಿ ಬಂತು. ಎಲ್ಲಿ ಬಂತು ಗೊತ್ತಾ? ರಕ್ಷಣಾ ಇಲಾಖೆಯ ಬಜೆಟ್ ಕಾಯ್ದೆಯ ಒಳಗೆ, 8113ನೇ ಕಲಮಿನಲ್ಲಿ, ಅದೇ ಥರದ ಷರಾ ಸಮೇತ. ಬಂದೂಕು, ವಿಮಾನದ ಲೆಕ್ಕದ ನಡುವೆ ಮಡಚಿಟ್ಟ ಕ್ಷಮೆ.

ಬೇರೆ ಥರ ಮಾಡೋಕೆ ಬರಲ್ಲ ಅಂತೇನಿಲ್ಲ. ಅದೇ ಅಮೆರಿಕ 1942ರಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರು ದಶಕಗಳ ಕಾಲ ಹೋರಾಡಿದ ಮೇಲೆ 1988ರ ಆಗಸ್ಟ್ 10ರಂದು ಕಾನೂನಾಯ್ತು. ಅದರಲ್ಲಿ ಏನು ಅನ್ಯಾಯ ಆಯ್ತು ಅಂತ ಇತ್ತು, ಯಾಕೆ ಆಯ್ತು ಅಂತ ಇತ್ತು, ದೇಶದ ಪರವಾಗಿ ಅಪಾಲಜಿ ಇತ್ತು, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರ್ ಇತ್ತು. 1990ರಲ್ಲಿ ಮೊದಲ ಚೆಕ್ಕುಗಳು ಅಧ್ಯಕ್ಷರ ಪತ್ರದ ಜೊತೆ ಬಂದವು. ಕಳೆದುಕೊಂಡಿದ್ದಕ್ಕೆ ಅದು ಸಮ ಅಲ್ಲ. ಆದರೂ ಮಾತು, ಕಾನೂನು, ದುಡ್ಡು ಮೂರೂ ಒಂದೇ ಕಡೆ ಇದ್ದವು.

ಫರ್ಗಿವ್: ಇದು ಸಾಲದ ಪದ

ಈಗ ಕ್ಷಮಿಸೋರ ಕಡೆಗೆ ಬರೋಣ. ‘ಫರ್ಗಿವ್’ ಒಳಗೆ ‘ಗಿವ್’ ಇದೆ, ಕೊಡೋದು. ಪಾರ್ಡನ್ನಿನ ಲ್ಯಾಟಿನ್ ಮೂಲದ ಅಚ್ಚಿನಲ್ಲೇ ಹಳೇ ಇಂಗ್ಲಿಷಿನವರು ಮಾಡಿಕೊಂಡ ಪದ ಇದು: ಪೂರ್ತಿ ಕೊಟ್ಟುಬಿಡೋದು, ಬರಬೇಕಾದ್ದನ್ನ ಬಿಟ್ಟುಕೊಡೋದು. ಇವತ್ತಿಗೂ ಸಾಲ ಮನ್ನಾಕ್ಕೆ ಇಂಗ್ಲಿಷಿನಲ್ಲಿ ‘ಲೋನ್ ಫರ್ಗಿವ್‌ನೆಸ್’ ಅಂತಾರೆ. ಕ್ರೈಸ್ತರ ಮುಖ್ಯ ಪ್ರಾರ್ಥನೆಯಲ್ಲೂ ಇದೇ ಲೆಕ್ಕ. 1611ರ ಕಿಂಗ್ ಜೇಮ್ಸ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಆ ಜಾಗದಲ್ಲಿ ಇರೋದು ‘ಸಾಲಗಳು’. 1549ರ ಇಂಗ್ಲೆಂಡ್ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಇರೋದು ‘ಟ್ರೆಸ್‌ಪಾಸ್’. ಇವತ್ತು ಜಮೀನಿನ ಬೇಲಿ ಮೇಲೆ ‘ಒಳಗೆ ಬರಬೇಡಿ’ ಅಂತ ಬೋರ್ಡು ಹಾಕ್ತಾರಲ್ಲ, ಅದೇ ಪದ.

ಸಾಲವನ್ನ ಮನ್ನಾ ಮಾಡೋ ಹಕ್ಕು ಸಾಲ ಕೊಟ್ಟವನಿಗೆ. ತಗೊಂಡವನಿಗಲ್ಲ, ಪಕ್ಕದಲ್ಲಿ ನಿಂತ ಪಂಚರಿಗೂ ಅಲ್ಲ. ಇಷ್ಟು ಸರಳ ಮಾತನ್ನ ಚರಿತ್ರೆ ತಲೆಕೆಳಗು ಮಾಡಿದೆ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರನ್ನ ಇಟ್ಟುಕೊಂಡಿದ್ದ ಒಡೆಯರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಬದಲಿಗೆ ಅವರಲ್ಲಿ ಹೆಚ್ಚಿನವರು ‘ಅಪ್ರೆಂಟಿಸ್’ ಅನ್ನೋ ಹೆಸರಲ್ಲಿ 1838ರವರೆಗೆ ಅದೇ ಒಡೆಯರಿಗೆ ಬಿಟ್ಟಿ ದುಡಿಯಬೇಕಾಯ್ತು. ಆ ಪರಿಹಾರಕ್ಕೆ ಮಾಡಿದ ಸಾಲ ತೀರಿದ್ದು 2015ರಲ್ಲಿ. ಅಂದರೆ ಬ್ರಿಟನ್ನಿನಲ್ಲಿ ನೆಲೆಸಿದ ಗುಲಾಮರ ವಂಶದವರು ಕಟ್ಟಿದ ತೆರಿಗೆಯೂ ಒಡೆಯರಿಗೆ ಕೊಟ್ಟ ದುಡ್ಡಿಗೆ ಹೋಗಿದೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಕೊನೆಯಾದ ಮೇಲೆ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಕೂತಿತು. 1996ರಿಂದ ವಿಚಾರಣೆ. ಕೊಂದವರು ಪೂರ್ತಿ ಸತ್ಯ ಹೇಳಿ, ಅದು ರಾಜಕೀಯ ಕೃತ್ಯ ಅಂತ ತೋರಿಸಿದರೆ ‘ಅಮ್ನೆಸ್ಟಿ’ ಸಿಗುತ್ತಿತ್ತು. ಅಮ್ನೆಸ್ಟಿ ಗ್ರೀಕ್ ಪದ, ಮೂಲ ಅರ್ಥ ಮರೆವು. ಸಾರಿ ಅನ್ನಬೇಕು ಅನ್ನೋ ನಿಯಮವೇ ಇರಲಿಲ್ಲ. ಸತ್ಯ ಹೊರಗೆ ಬಂತು, ಅದು ಸಣ್ಣ ವಿಷಯ ಅಲ್ಲ. ಆದರೆ ನೊಂದವರಿಗೆ ವರ್ಷವರ್ಷ ಕೊಡಿ ಅಂತ ಆಯೋಗ ಹೇಳಿದ್ದನ್ನ ಸರ್ಕಾರ ಕೇಳದೆ, 2003ರಲ್ಲಿ ಒಂದೇ ಸಲ 30,000 ರಾಂಡ್ ಕೊಟ್ಟು ಕೈತೊಳೆದುಕೊಂಡಿತು. ಆ ದಿನಗಳಲ್ಲಿ ಅಲ್ಲಿ ಒಂದು ಕಥೆ ಓಡಾಡ್ತಿತ್ತು. ಒಬ್ಬ ಇನ್ನೊಬ್ಬನ ಸೈಕಲ್ ಕದ್ದ. ಕೆಲವು ಕಾಲ ಆದ ಮೇಲೆ ಬಂದು ‘ನಾವು ರಾಜಿಯಾಗೋಣ’ ಅಂತ ಕೈ ಚಾಚಿದ. ಇವನು ಕೇಳಿದ, ‘ಸರಿ, ನನ್ನ ಸೈಕಲ್?’ ಅವನು ಅಂದ, ‘ಸೈಕಲ್ ಮಾತು ಬಿಡು, ನಾನು ರಾಜಿ ವಿಷಯ ಮಾತಾಡ್ತಿದ್ದೀನಿ.’

ನಮ್ಮ ಕಟ್ಟೆಗೆ ಬಂದಾಗ

ಈ ಸೈಕಲ್ ಕಥೆ ನಮ್ಮ ಹಳ್ಳಿಗಳ ಶಾಂತಿ ಸಭೆಗೆ ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ಕೆಲವು ವರ್ಷದ ಹಿಂದೆ ಒಂದು ಊರಲ್ಲಿ, ಹೋಟ್ಲು ಬೆಂಚಿನ ಮೇಲೆ ಕೂತ ಅಂತ ನಮ್ಮ ಹುಡುಗನೊಬ್ಬನಿಗೆ ತಲೆ ಒಡೆಯೋ ಹಾಗೆ ಹೊಡೆದಿದ್ದರು. ಕೇಸಾಯ್ತು. ಮೂರನೇ ದಿನಕ್ಕೆ ಶಾಂತಿ ಸಭೆ. ಹೊಡೆದವನು ಜೇಬಿಂದ ಕೈ ತೆಗೆಯದೆ ‘ಸಾರಿ’ ಅಂದ. ಕೂಡಲೇ ಊರ ಹಿರೀಕರು, ‘ಹುಡ್ಗ ಸಾರಿ ಅಂದ್ನಲ್ಲ, ಇನ್ನೇನ್ರಪ್ಪ? ನೀವೂ ದೊಡ್ಡ ಮನಸು ಮಾಡಿ, ಕೇಸು ವಾಪಸ್ ತಗೊಳಿ’ ಅಂದರು. ಏಟು ತಿಂದ ಹುಡುಗನ ಅವ್ವ ನನ್ನ ಕಡೆ ತಿರುಗಿ, ‘ಸಾರಿ ಅಂದ್ರೆ ಏನಣ್ಣ?’ ಅಂದಳು. ‘ತಪ್ಪಾಯ್ತು ಅಂತ ಅವ್ವ’ ಅಂದೆ. ‘ಹಂಗಾರೆ ತಪ್ಪಾಯ್ತು ಅಂತ್ಲೇ ಅನ್ನಕ್ಕೇನು ಅವ್ನಿಗೆ? ನಾವು ಅಂದಿಲ್ವಾ ಇಷ್ಟು ವರ್ಷ?’

ಅವ್ವನ ಮಾತಲ್ಲಿ ನಮ್ಮ ಇಡೀ ಚರಿತ್ರೆ ಇದೆ. ‘ತಪ್ಪಾಯ್ತು ಬುದ್ದಿ’ ನಮ್ಮ ತಾತ ಮುತ್ತಾತಂದಿರ ಬಾಯಲ್ಲಿ ಕ್ಷಮೆಯ ಮಾತಾಗಿರಲಿಲ್ಲ, ನಮಸ್ಕಾರದಂತೆ ಆಗಿತ್ತು. ತಪ್ಪು ಮಾಡದೆಯೂ ಅನ್ನಬೇಕಿತ್ತು. ದಾರೀಲಿ ಎದುರಾದರೆ ತಪ್ಪಾಯ್ತು, ಕೂಲಿ ಕೇಳಿದರೆ ತಪ್ಪಾಯ್ತು. ಆ ಮಾತು ಮೇಲಿಂದ ಕೆಳಗೆ ಬರಬೇಕಾದಾಗ ಮಾತ್ರ ಇಂಗ್ಲಿಷ್ ಬೇಕಾಗುತ್ತೆ. ‘ತಪ್ಪಾಯ್ತು’ ಅನ್ನೋಕೆ ತಲೆ ಬಗ್ಗಬೇಕು. ‘ಸಾರಿ’ ಅನ್ನೋಕೆ ಜೇಬಿಂದ ಕೈಯೂ ತೆಗೆಯಬೇಕಿಲ್ಲ.

ಇನ್ನು ‘ಕ್ಷಮಿಸು’ ಸಂಸ್ಕೃತದ್ದು. ಅದರ ಧಾತುವಿಗೆ ಸಹಿಸು, ತಾಳಿಕೊ ಅಂತ ಅರ್ಥ. ಭೂಮಿಗೂ ಕ್ಷಮೆ ಅಂತ ಹೆಸರಿರೋದು ಎಲ್ಲರೂ ತುಳಿದರೂ ತಾಳಿಕೊಳ್ತಾಳೆ ಅಂತ. ನಮ್ಮನ್ನ ಕ್ಷಮಿಸಿ ಅಂತ ಕೇಳೋರು ತಮಗೆ ಗೊತ್ತಿಲ್ಲದೆಯೇ ‘ಇನ್ನೂ ಸ್ವಲ್ಪ ತಾಳಿಕೊಳ್ಳಿ’ ಅಂತಿದ್ದಾರೆ.

ಪಶ್ಚಾತ್ತಾಪ ಪಡೋರೇ ಎಲ್ಲವನ್ನೂ ತಮ್ಮ ಕೈಯಲ್ಲಿ ಇಟ್ಟುಕೊಳ್ಳೋದು ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಪೂನಾ ಒಪ್ಪಂದದ ನಂತರ 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘದ ಆಡಳಿತದಲ್ಲಿ ಅಸ್ಪೃಶ್ಯರಿಗೆ ಯಾಕೆ ಜಾಗ ಇಲ್ಲ ಅಂತ ಕೇಳಿದಾಗ, ಇದು ಹಿಂದೂಗಳು ತಮ್ಮ ಪಾಪಕ್ಕೆ ಮಾಡ್ತಿರೋ ಪ್ರಾಯಶ್ಚಿತ್ತ, ಹಣವೂ ಅವರದೇ, ಹಾಗಾಗಿ ನಡೆಸೋರೂ ಅವರೇ ಅನ್ನೋದು ಗಾಂಧಿಯವರ ಉತ್ತರವಾಗಿತ್ತು. ಬಾಬಾಸಾಹೇಬರು 1945ರ ‘ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು’ ಪುಸ್ತಕದಲ್ಲಿ ಇದನ್ನ ದಾಖಲಿಸಿ ಪ್ರಶ್ನಿಸಿದ್ದಾರೆ. ಸಾಲಗಾರನೇ ಲೆಕ್ಕದ ಪುಸ್ತಕ ಇಟ್ಟುಕೊಂಡು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾವಾಗ ತೀರಿತು ಅಂತ ತಾನೇ ಬರೆದುಕೊಳ್ಳೋ ವ್ಯವಸ್ಥೆ ಅದು.

ಹಾಗಾದ್ರೆ ಏನು ಕೇಳಬೇಕು?

ಕ್ಷಮೆ ಕೇಳಲೇಬೇಡಿ ಅಂತ ನಾನು ಹೇಳ್ತಿಲ್ಲ. ಸಾರ್ವಜನಿಕವಾಗಿ ತಲೆ ಬಗ್ಗಿಸಿ ಆಡಿದ ಮಾತಿಗೆ ಬೆಲೆ ಇದೆ. ಆಸ್ಟ್ರೇಲಿಯಾದ ಆ ತಾಯಂದಿರು ಅದಕ್ಕೆ ಹತ್ತು ವರ್ಷ ಕಾದದ್ದು ಸುಮ್ಮನೆ ಅಲ್ಲ. ಆದರೆ ಮುಂದಿನ ಮನವಿಯಲ್ಲಿ ‘ಬೇಷರತ್ ಕ್ಷಮೆ’ ಅಂತ ಬರೆದು ನಿಲ್ಲಿಸೋದು ಬೇಡ. ಅದರ ಕೆಳಗೆ ಇಷ್ಟು ಬರೆಯೋಣ:

ಒಂದು, ಕರ್ತೃ ಇರಲಿ. ‘ಹಲ್ಲೆ ನಡೆದಿದೆ’ ಅಲ್ಲ, ‘ನಾನು ಹೊಡೆದೆ’. ‘ನೋವಾಗಿದ್ದರೆ’ ಅಲ್ಲ, ‘ನೋವು ಮಾಡಿದೆ’.

ಎರಡು, ಜಾಗ ಇರಲಿ. ಅವಮಾನ ಎಲ್ಲಿ ಆಯ್ತೋ ಅಲ್ಲೇ, ಯಾರ ಮುಂದೆ ಆಯ್ತೋ ಅವರ ಮುಂದೆಯೇ.

ಮೂರು, ಲೆಕ್ಕ ಇರಲಿ. ಆಸ್ಪತ್ರೆ ಖರ್ಚು, ಕಳೆದ ಕೂಲಿ, ಮುರಿದ ಮನೆ. ಕಾಯ್ದೆಯ ಪ್ರಕಾರ ಸರ್ಕಾರ ಕೊಡಬೇಕಾದ ಪರಿಹಾರ ಬೇರೆ, ಅದನ್ನೂ ಕಂತು ಕಂತಾಗಿ ವಸೂಲಿ ಮಾಡೋದು.

ನಾಲ್ಕು, ಬದಲಾವಣೆ ಇರಲಿ. ಆ ಬೆಂಚು, ಆ ಬಾವಿ, ಆ ದೇವಸ್ಥಾನದ ಬಾಗಿಲು ನಾಳೆಯಿಂದ ಎಲ್ಲರಿಗೂ ತೆರೆದಿದೆಯಾ?

ಐದು, ಕೇಸು ಕೇಸೇ. 1989ರ ದೌರ್ಜನ್ಯ ತಡೆ ಕಾಯ್ದೆ ರಾಜಿಗೆ ಬಿಟ್ಟ ಅಪರಾಧಗಳ ಪಟ್ಟಿಯಲ್ಲಿಲ್ಲ. ಊರ ಕಟ್ಟೆಯ ಮೇಲೆ ‘ವಾಪಸ್ ತಗೊಂಡ್ವಿ’ ಅಂದ ಮಾತ್ರಕ್ಕೆ ಅದು ಮುಗಿಯಲ್ಲ. ಮುಗಿಯೋದು ನಮ್ಮ ಸಾಕ್ಷಿಗಳು ಹೆದರಿ ತಿರುಗಿ ಬಿದ್ದಾಗ. ಕೇಸು ಹಾಕಿದ್ದಕ್ಕೆ ಕೂಲಿ, ಅಂಗಡಿ ಸಾಮಾನು ನಿಲ್ಲಿಸಿ ಬಹಿಷ್ಕಾರ ಹಾಕಿದರೆ ಅದೂ ಅದೇ ಕಾಯ್ದೆಯ ಕೆಳಗೆ ಇನ್ನೊಂದು ಅಪರಾಧ. 2016ರ ಜನವರಿ 26ರಿಂದ ಜಾರಿಯಲ್ಲಿರೋ ತಿದ್ದುಪಡಿ ಇದನ್ನ ಸ್ಪಷ್ಟವಾಗಿ ಹೇಳುತ್ತೆ.

ಕೊನೇದು, ಕ್ಷಮಿಸೋದು ನಮ್ಮ ಕೆಲಸದ ಪಟ್ಟಿಯಲ್ಲಿ ಇಲ್ಲ. ಅದು ಏಟು ತಿಂದವರಿಗೆ ಬಿಟ್ಟದ್ದು. ಅವರು ಇವತ್ತು ಕ್ಷಮಿಸಬಹುದು, ಹತ್ತು ವರ್ಷ ಬಿಟ್ಟು ಕ್ಷಮಿಸಬಹುದು, ಯಾವತ್ತೂ ಕ್ಷಮಿಸದೆ ಇರಬಹುದು. ‘ದೊಡ್ಡ ಮನಸು ಮಾಡಿ’ ಅಂತ ಅವರಿಗೆ ಹೇಳೋ ಹಕ್ಕು ತಹಶೀಲ್ದಾರರಿಗಿಲ್ಲ, ಸ್ವಾಮೀಜಿಗಳಿಗಿಲ್ಲ, ಸಂಘಟನೆಯ ಮುಖಂಡರಾದ ನಮಗೂ ಇಲ್ಲ.

ನಿಮ್ಮ ತಾಲ್ಲೂಕಲ್ಲಿ ಮುಂದಿನ ಶಾಂತಿ ಸಭೆ ನಡೆದಾಗ ಈ ಪಟ್ಟಿ ಜೇಬಲ್ಲಿ ಇಟ್ಕೊಂಡು ಹೋಗಿ. ‘ಸಾರಿ ಅಂದ್ನಲ್ಲ’ ಅಂತ ಯಾರಾದರೂ ಅಂದರೆ, ಸಮಾಧಾನವಾಗಿ ಕೇಳಿ: ‘ಸರಿ ಯಜಮಾನ್ರೇ, ಸೈಕಲ್ ಎಲ್ಲಿ?’

ಜೈಭೀಮ್.